ಎಲ್ಲರಿಗೂ ಗೊತ್ತಿರುವ ಹುಡುಗಿಯ ಅತ್ತೆ

ಸುಬ್ಬಲಕ್ಷ್ಮಿ ನಮ್ಮ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದು ಹತ್ತು ತಿಂಗಳಾಯಿತು. ಇಲ್ಲಿ ನರಸಿಂಹರಾಜಪುರದಲ್ಲಿ ಶಾಲೆಗಳ ಯೂನಿಫಾರಂ ಹೊಲಿದು ಕೊಡುವ ಒಂದು ಸಣ್ಣ ಜಾಗದಲ್ಲಿ ಅವಳಿಗೆ ಕೆಲಸ. ಅಲ್ಲಿರುವ ಆರು ಮಿಷನ್ನುಗಳಲ್ಲಿ ಗೋಡೆಗೆ ಮುಖ ಮಾಡಿ ಇಟ್ಟದ್ದನ್ನು ಅವಳೇ ಕೇಳಿ ತೆಗೆದುಕೊಂಡಳಂತೆ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ಆರಕ್ಕೆ ಬರುತ್ತಾಳೆ. ದಾರಿಯಲ್ಲಿ ಯಾರಾದರೂ ಎರಡನೇ ಸಲ ತಿರುಗಿ ನೋಡಿದರೆ ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಳ್ಳುತ್ತಾಳೆ.

ಮೊದಲ ತಿಂಗಳು ನಾನು ಅವಳನ್ನು ಏನೂ ಕೇಳಲಿಲ್ಲ. ಅವಳು ಯಾರೆಂದು ನನಗೆ ಗೊತ್ತಿತ್ತು, ಗೊತ್ತಿದೆ ಎಂದುಕೊಂಡಿದ್ದೆ. ಅವಳ ತಮ್ಮ ಅವಳ ಮೇಲೆ ಮಾಡಿ ಹಾಕಿದ ವಿಡಿಯೋವನ್ನು ಊರಿನ ಅರ್ಧ ಜನದಂತೆ ನಾನೂ ನೋಡಿದ್ದೆ. ನೋಡಿ, ಇಂಥವರೂ ಇರ್ತಾರಲ್ಲ ಎಂದು ಮನೆಯವರ ಹತ್ತಿರ ಹೇಳಿದ್ದೆ. ಅದನ್ನು ಮೊದಲೇ ಒಪ್ಪಿಕೊಂಡು ಮುಂದಿನದ್ದು ಬರೆಯುತ್ತೇನೆ. ಒಂದು ಭಾನುವಾರ ಹಪ್ಪಳ ಒಣಗಿಸಲು ನನ್ನ ಜೊತೆ ಕೈಜೋಡಿಸುತ್ತಾ ಅವಳು ತಾನಾಗಿ ಹೇಳಲು ಶುರುಮಾಡಿದಳು. ಆಮೇಲೆ ಎಷ್ಟೋ ಭಾನುವಾರ ಹೇಳಿದಳು.

ಅವಳು ಕೊಪ್ಪದವಳು. ತಂದೆ ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದರು. ಹದಿನಾಲ್ಕನೇ ವಯಸ್ಸಿಗೆ ಕಿವಿಯ ಕೆಳಗೆ ಕಾಳಿನಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಪಿಯುಸಿ ಮುಗಿಯುವಷ್ಟರಲ್ಲಿ ಅದು ಕುತ್ತಿಗೆಗೆ, ಎರಡೂ ಮಣಿಕಟ್ಟಿಗೆ ಇಳಿದಿತ್ತು. ಹೆಣ್ಣು ನೋಡಲು ಹನ್ನೊಂದು ಕಡೆಯವರು ಬಂದರು. ಕೊನೆಯ ಸಲ ಬಂದ ಹುಡುಗನ ತಾಯಿ, "ಇಲ್ಲಿ ಬೆಳಕು ಸಾಲದು, ಕಿಟಕಿ ಹತ್ತಿರ ಬಂದು ನಿಲ್ಲಮ್ಮ" ಎಂದರಂತೆ. ಇವಳು ಹೋಗಿ ನಿಂತಳು. ಅವರು ಸಾವಕಾಶವಾಗಿ ನೋಡಿದರು. ಉಪ್ಪಿಟ್ಟು ತಿಂದು ಹೋದರು.

"ಆವತ್ತು ಸಂಜೆ ಅಪ್ಪಂಗೆ ಹೇಳಿದೆ, ಇನ್ನು ನನ್ನನ್ನು ಯಾರಿಗೂ ತೋರಿಸ್ಬೇಡಿ ಅಂತ. ಅಪ್ಪ ಮಾರನೇ ದಿನ ಹೊಲಿಗೆ ಕ್ಲಾಸಿಗೆ ಸೇರಿಸಿದ್ರು" ಎಂದಳು ಸುಬ್ಬಲಕ್ಷ್ಮಿ.

ಕೊಪ್ಪ ಬಸ್‌ಸ್ಟ್ಯಾಂಡಿನಿಂದ ಮೇಲಕ್ಕೆ ಹೋಗುವ ರಸ್ತೆಯಲ್ಲಿ ಒಂದು ಶಟರಿನ ಅಂಗಡಿ ಹಿಡಿದು ಇಪ್ಪತ್ತೈದು ವರ್ಷ ಹೆಂಗಸರ ಬಟ್ಟೆ ಹೊಲಿದಳು. ತನಗೆ ಕುತ್ತಿಗೆ ಮುಚ್ಚುವ, ತುಂಬುತೋಳಿನ ರವಿಕೆ. ತಂದೆ ತಾಯಿ ಇಬ್ಬರೂ ಹೋದ ಮೇಲೆ ತಮ್ಮ ಶಿವಕಿರಣನನ್ನು ಓದಿಸಿದ್ದು, ಅವನಿಗೆ ಫ್ಲೆಕ್ಸ್ ಪ್ರಿಂಟಿಂಗಿನ ಅಂಗಡಿ ಹಾಕಿಕೊಟ್ಟದ್ದು, ಕಿಗ್ಗದ ಅಪೂರ್ವಾಳನ್ನು ಹುಡುಕಿ ಮದುವೆ ಮಾಡಿದ್ದು ಇವಳೇ. ಅಪೂರ್ವಾ ಒಳ್ಳೆಯ ಹುಡುಗಿ ಎಂದು ಈಗಲೂ ಹೇಳುತ್ತಾಳೆ. ನಗುನಗುತ್ತ ಮಾತಾಡುವವಳು, ಕೈರುಚಿ ಇರುವವಳು. ಮಗಳು ಶ್ರೀರಂಜನಿ ಹುಟ್ಟಿದಾಗ ಹೆರಿಗೆ ಕಷ್ಟವಾಗಿ ಅಪೂರ್ವಾ ತಿಂಗಳುಗಟ್ಟಲೆ ಏಳಲಿಲ್ಲ. ಮಗುವಿಗೆ ಎಣ್ಣೆ ಹಚ್ಚಿ ನೀರೆರೆದು ಪಕ್ಕದಲ್ಲಿ ಮಲಗಿಸಿಕೊಂಡದ್ದೆಲ್ಲ ಅತ್ತೆಯೇ. ಮನೆಯಲ್ಲಿ ಮಗುವನ್ನು ಕರೆಯುತ್ತಿದ್ದದ್ದು ರಂಜು ಎಂದು.

ಕೊರೋನಾದ ಮೊದಲ ವರ್ಷ ಮದುವೆ, ಸಭೆ, ಸಮಾರಂಭ ಯಾವುದೂ ಇಲ್ಲದೆ ಶಿವಕಿರಣನ ಫ್ಲೆಕ್ಸ್ ಅಂಗಡಿ ಮುಚ್ಚಿತು. ಹೊತ್ತು ಹೋಗದೆ ಅಪೂರ್ವಾ ಅಡಿಗೆಯ ವಿಡಿಯೋ ಮಾಡಲು ಶುರುಮಾಡಿದಳು. ಕೆಸುವಿನ ಪತ್ರೊಡೆ, ಹಲಸಿನ ಕಡುಬು, ತಂಬುಳಿ. ಸಂಬಂಧಿಕರು ನೂರು ಜನ ನೋಡುತ್ತಿದ್ದರು. ಒಂದು ದಿನ ಕಡುಬಿನ ವಿಡಿಯೋ ಮಾಡುತ್ತಿರುವಾಗ ಗ್ಯಾಸ್ ಸಿಲಿಂಡರ್ ತಂದವನು ಒಳಗೆ ಕಾಲಿಟ್ಟ. ಮೂರು ವರ್ಷದ ರಂಜು ಸೊಂಟಕ್ಕೆ ಕೈಯಿಟ್ಟು, "ಚಪ್ಪಲಿ ಬಿಟ್ಟು ಬನ್ನಿ ಮಾರಾಯ್ರೇ, ಈಗಷ್ಟೇ ಒರೆಸಿದ್ದು" ಎಂದಳು. ಆ ಮನುಷ್ಯ ಸಿಲಿಂಡರ್ ಹೆಗಲ ಮೇಲೆ ಇದ್ದ ಹಾಗೇ ಹಿಂದೆ ಹೋಗಿ ಚಪ್ಪಲಿ ಬಿಟ್ಟ. ಆ ಇಪ್ಪತ್ತು ಸೆಕೆಂಡನ್ನು ಬೇರೆ ಮಾಡಿ ಹಾಕಿದರು. ಒಂದು ವಾರದಲ್ಲಿ ಎಂಟು ಲಕ್ಷ ಜನ ನೋಡಿದರು. ನಾನೂ ನೋಡಿ ನಕ್ಕಿದ್ದೆ, ನನ್ನ ತಂಗಿಗೂ ಕಳಿಸಿದ್ದೆ.

ಆಮೇಲೆ ಕಡುಬನ್ನು ಯಾರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ರಂಜುವನ್ನು. ಚಾನೆಲ್ಲಿನ ಹೆಸರೇ "ರಂಜು ಮನೆ" ಎಂದಾಯಿತು.

ಸುಬ್ಬಲಕ್ಷ್ಮಿ ತನ್ನ ಪಾಲನ್ನು ಮುಚ್ಚಿಡುವುದಿಲ್ಲ. ರಂಜು ಹಾಕಿಕೊಳ್ಳುವ ಫ್ರಾಕುಗಳನ್ನು ಹೊಲಿದವಳು ಅವಳು. ಹಳೇ ಇಳಕಲ್ ಸೀರೆಯನ್ನು ಕತ್ತರಿಸಿ ಫ್ರಿಲ್ಲು ಇಟ್ಟು ಹೊಲಿದ ಒಂದು ಫ್ರಾಕು ವಿಡಿಯೋದಲ್ಲಿ ಬಂದದ್ದೇ, ಶಿವಮೊಗ್ಗದಿಂದ, ಚಿಕ್ಕಮಗಳೂರಿನಿಂದ ಫೋನುಗಳು ಬಂದವು. ರಂಜು ಫ್ರಾಕ್ ಬೇಕು ಅಂತಲೇ ಕೇಳುತ್ತಿದ್ದರು. ಸಹಾಯಕ್ಕೆ ಇಬ್ಬರು ಹುಡುಗಿಯರನ್ನು ಇಟ್ಟುಕೊಳ್ಳುವಷ್ಟು ಕೆಲಸ ಬಂತು. "ನಂಗೆ ಖುಷಿಯಾಗಿತ್ತು ಲಲಿತಕ್ಕ. ಅಷ್ಟು ವರ್ಷ ಹೊಲಿದಿದ್ದೆ, ಒಂದು ಹೆಸರು ಅಂತ ಬಂದದ್ದು ಆಗಲೇ. ಹಾಗಾಗಿ ಕಣ್ಣಿಗೆ ಕಂಡದ್ದನ್ನೂ ಕಾಣದ ಹಾಗೆ ಇದ್ದೆ."

ಕಂಡದ್ದು ಒಂದೊಂದೇ. ಐದನೇ ಹುಟ್ಟುಹಬ್ಬಕ್ಕೆ ಕೇಕು ಮೂರು ಸಲ ಕತ್ತರಿಸಬೇಕಾಯಿತು, ಮೊದಲೆರಡು ಸಲ ಬೆಳಕು ಸರಿ ಬಂದಿರಲಿಲ್ಲ. ಉಡುಗೊರೆಯ ಡಬ್ಬ ಬಿಚ್ಚಿ ಕುಣಿದ ಮಗುವಿಗೆ, ಮತ್ತೆ ಅಂಟಿಸಿ ಕೊಡುತ್ತೇವೆ, ಮೊದಲ ಸಲ ಬಿಚ್ಚಿದ ಹಾಗೇ ಕುಣಿಯಬೇಕು ಎಂದು ಹೇಳಿಕೊಟ್ಟರು. ಮಗು ಕಲಿತುಕೊಂಡಿತು. ಆಗಿನಿಂದ ಅವಳಿಗೆ ಒಂದು ಪ್ರಶ್ನೆ ಅಭ್ಯಾಸವಾಯಿತು. ತಾಯಿ ಹತ್ತಿರ ಕರೆದು ಅಪ್ಪಿಕೊಂಡರೆ, ಕಿವಿಯಲ್ಲಿ ಕೇಳುತ್ತಿದ್ದಳು: "ಇದು ವಿಡಿಯೋಕ್ಕಾ, ಸುಮ್ನೇನಾ?"

ಅಪೂರ್ವಾ ಅದನ್ನೂ ನಗುತ್ತಾ ಹೇಳಿಕೊಂಡಳು. ಅದೂ ಒಂದು ವಿಡಿಯೋ ಆಯಿತು.

ರಂಜುವಿಗೆ ಆರು ವರ್ಷವಾದಾಗ ಒಂದು ಮಧ್ಯಾಹ್ನ ನಲವತ್ತರ ಆಸುಪಾಸಿನ ಗಂಡಸೊಬ್ಬ ಹೊಲಿಗೆ ಅಂಗಡಿಗೆ ಬಂದ. ಕೈಯಲ್ಲಿ ಚಾಕೊಲೇಟಿನ ಡಬ್ಬ. "ರಂಜು ಪುಟ್ಟಿ ನಾಲ್ಕೂಕಾಲಿಗೆ ಇಲ್ಲೇ ವ್ಯಾನಿಂದ ಇಳೀತಾಳಲ್ವಾ" ಎಂದು ಕೇಳಿದ. ಎಲ್ಲಿಯವನೆಂದರೆ ಹಾಸನದ ಕಡೆಯವನು, ಶೃಂಗೇರಿಗೆ ಬಂದವನು ಹಾಗೇ ಮಗುವನ್ನು ನೋಡಿ ಹೋಗೋಣ ಎಂದು ಬಂದದ್ದು ಎಂದ. ಅವನಿಗೆ ವ್ಯಾನಿನ ಬಣ್ಣ ಗೊತ್ತಿತ್ತು. ರಂಜು ಹಲ್ಲಿ ಕಂಡರೆ ಹೆದರುತ್ತಾಳೆಂದು ಗೊತ್ತಿತ್ತು. ಅವಳು ಮಲಗುವ ಕೋಣೆಯ ಕಿಟಕಿ ರಸ್ತೆಗೆ ಬರುತ್ತದೆಂದು ಗೊತ್ತಿತ್ತು. ಸುಬ್ಬಲಕ್ಷ್ಮಿ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡದೆ, "ಇವತ್ತು ಅವಳು ಶಾಲೆಗೇ ಹೋಗಿಲ್ಲ" ಎಂದು ಸುಳ್ಳು ಹೇಳಿದಳು. ಅವನು ಹೋದ ಮೇಲೆ ಶಟರು ಅರ್ಧ ಎಳೆದು, ಶಾಲೆಯವರೆಗೆ ನಡೆದುಹೋಗಿ ಮಗುವನ್ನು ಕರೆತಂದಳು.

ಸಂಜೆ ತಮ್ಮನಿಗೆ ಹೇಳಿದಾಗ ಅವನು, "ಅಭಿಮಾನಿಗಳು ಅಕ್ಕ. ಪಾಪ, ಅಷ್ಟು ದೂರದಿಂದ ಬಂದಿದ್ರು" ಎಂದ. ಆದರೆ ಮಾರನೆಯ ದಿನದಿಂದ ಕಿಟಕಿಗೆ ದಪ್ಪ ಪರದೆ ಹಾಕಿದ. ಅವನಿಗೂ ಹೆದರಿಕೆಯಾಗಿತ್ತು, ಹೇಳಿಕೊಳ್ಳಲಿಲ್ಲ ಎಂದು ಅಕ್ಕನಿಗೆ ಅನಿಸಿತು.

ನೋಡುವವರು ಕಡಿಮೆಯಾದಾಗ ಮನೆಯಲ್ಲಿ ಮಾತು ಕಡಿಮೆಯಾಗುತ್ತಿತ್ತು. ಗಂಡ ಹೆಂಡತಿ ಊಟದ ಹೊತ್ತಿಗೆ ಫೋನು ನೋಡುತ್ತಾ, ಇನ್ನೇನು ಮಾಡುವುದು ಎಂದು ಯೋಚಿಸುತ್ತಿದ್ದರು. ಅಂಥ ಒಂದು ದಿನ ಅವರಿಗೆ ಹೊಳೆದದ್ದು, ಅಮ್ಮ ಮನೆ ಬಿಟ್ಟು ಹೋದಳೆಂದು ರಂಜುವಿಗೆ ನಂಬಿಸುವುದು. ಮಗು ಶಾಲೆಯಿಂದ ಬರುವಷ್ಟರಲ್ಲಿ ಅಪೂರ್ವಾಳ ಬಟ್ಟೆಗಳನ್ನು ಕಪಾಟಿನಿಂದ ತೆಗೆದರು, ಚಪ್ಪಲಿ ಅಡಗಿಸಿದರು, ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ಇಬ್ಬರೂ ಬಾಗಿಲ ಸಂದಿಯಿಂದ ಫೋನು ಹಿಡಿದು ನಿಂತರು. ರಂಜು ಚೀಟಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಕಪಾಟು ತೆರೆದು ನೋಡಿದಳು. ಅಡಿಗೆಮನೆ, ಬಚ್ಚಲು, ಹಿತ್ತಿಲು ಎಲ್ಲ ಓಡಿದಳು. ಆಮೇಲೆ ಹೊಸ್ತಿಲ ಮೇಲೆ ಕೂತು, ಅಳುವುದೂ ಇಲ್ಲದೆ, ಬಿಟ್ಟ ಬಾಯಿ ಬಿಟ್ಟ ಹಾಗೇ ಇದ್ದಳು. ಒಂಬತ್ತು ನಿಮಿಷ. ಆಗ ಅಪೂರ್ವಾ ನಗುತ್ತಾ ಹೊರಗೆ ಬಂದಳು. ಮಗು ಅವಳ ಹತ್ತಿರ ಹೋಗಲಿಲ್ಲ.

ಹಾಸಿಗೆ ಒದ್ದೆಯಾಗಲು ಶುರುವಾದದ್ದು ಅದೇ ವಾರ. ಎಂಟು ತುಂಬುತ್ತಾ ಬಂದಿದ್ದ ಹುಡುಗಿ. ಬೆಳಿಗ್ಗೆ ಎದ್ದ ಕೂಡಲೇ ತಾನೇ ಚಾದರ ಎಳೆದುಕೊಂಡು ಹೋಗಿ ಬಚ್ಚಲಲ್ಲಿ ಬಕೆಟ್ಟಿಗೆ ಹಾಕಿ, ಮೇಲೆ ಟವೆಲ್ಲು ಮುಚ್ಚುತ್ತಿದ್ದಳು. ಒಂದು ದಿನ ಅತ್ತೆ ನೋಡಿದಾಗ, "ಅಮ್ಮಂಗೆ ಹೇಳ್ಬೇಡ ಅತ್ತೆ. ನೀನು ಹೇಳಿದ್ರೆ ಅವ್ರು ಎಲ್ಲರಿಗೂ ಹೇಳ್ತಾರೆ" ಎಂದಳು. ಸುಬ್ಬಲಕ್ಷ್ಮಿ ಹೇಳಲಿಲ್ಲ. ಪ್ಲಾಸ್ಟಿಕ್ ಹಾಳೆಗೆ ಹತ್ತಿಬಟ್ಟೆ ಹೊಲಿದು ಹಾಸಿಗೆಯ ಮೇಲೆ ಹಾಕಿಕೊಟ್ಟಳು. ಆದರೆ ಒಂದೇ ಮನೆಯಲ್ಲಿ ಎಷ್ಟು ದಿನ ಮುಚ್ಚಿಡಲು ಆಗುತ್ತದೆ. ಗೊತ್ತಾದಾಗ ಅಪೂರ್ವಾ ಬೈಯಲಿಲ್ಲ. ಡಾಕ್ಟರಿಗೆ ತೋರಿಸಿದಳು, ರಾತ್ರಿ ನೀರು ಕಡಿಮೆ ಮಾಡಿದಳು, ಮಗಳ ತಲೆ ಸವರಿದಳು. ಆಮೇಲೆ, ಇಂಥ ಮಕ್ಕಳಿರುವ ಬೇರೆ ತಾಯಂದಿರಿಗೆ ಅನುಕೂಲವಾಗಲಿ ಎಂದು ವಿಡಿಯೋ ಮಾಡಿದಳು. ಅದರಲ್ಲಿ ಒದ್ದೆ ಚಾದರ ಇತ್ತು. ಮುಖ ಮುಚ್ಚಿಕೊಂಡು ಅಳುವ ರಂಜು ಇದ್ದಳು. "ನಾಚಿಕೆ ಎಂತಕ್ಕೆ ಮಗಳೇ, ನಿನ್ನ ಹಾಗೆ ಸುಮಾರು ಮಕ್ಕಳಿದ್ದಾರೆ" ಎಂದು ಅಮ್ಮ ಅವಳ ಕೈಗಳನ್ನು ಮುಖದಿಂದ ತೆಗೆಯುವುದು ಇತ್ತು.

ಅವರು ಹಾಕಿದ ಎಲ್ಲದರಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದನ್ನು.

ಶಾಲೆಯಲ್ಲಿ ಮರುದಿನ ಬೆಂಚಿನ ಮೇಲೆ ಅವಳು ಕೂರುವ ಜಾಗದಲ್ಲಿ ಯಾರೋ ರೇನ್‌ಕೋಟು ಹಾಸಿಟ್ಟಿದ್ದರು. ಪಕ್ಕದಲ್ಲಿ ಕೂರುತ್ತಿದ್ದ ಶಿವಾನಿ ಎಂಬ ಹುಡುಗಿ ಬೇರೆ ಬೆಂಚಿಗೆ ಹೋದಳು. ರಂಜುವಿಗೆ ಒಂದು ಅಡ್ಡಹೆಸರೂ ಆಯಿತು. ಅದನ್ನು ಸುಬ್ಬಲಕ್ಷ್ಮಿ ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ. ರಂಜು ನೀರು ಕುಡಿಯುವುದನ್ನು ಬಿಟ್ಟಳು. ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಕೇಳಿದರೆ, ಬಾಯಾರಿಕೆ ಇಲ್ಲ ಎನ್ನುತ್ತಿದ್ದಳು. ಮಾರ್ಚಿನ ಬಿಸಿಲು. ಮೂರನೇ ವಾರಕ್ಕೆ ಮೂತ್ರದ ಸೋಂಕಾಗಿ ನಡುಗುವ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು.

ಅಲ್ಲಿ ಡ್ರಿಪ್ ಹಾಕಿದ ಸಣ್ಣ ಕೈಯನ್ನು ಅಪೂರ್ವಾ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಫೋನು ಎತ್ತಿದಳು. "ಎಲ್ಲರೂ ಪ್ರಾರ್ಥನೆ ಮಾಡಿ" ಎಂದು ಶುರುಮಾಡಿದ್ದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು ಎನ್ನುತ್ತಾಳೆ ಸುಬ್ಬಲಕ್ಷ್ಮಿ. ಇವಳು ಎದ್ದು ಹೋಗಿ ಫೋನಿನ ಮೇಲೆ ಅಂಗೈ ಇಟ್ಟಳು.

"ಸಾಕು ಅಪೂರ್ವಾ."

"ಕೈ ತೆಗೀರಿ ಅತ್ತಿಗೆ."

"ಆ ಹಾಸಿಗೆ ವಿಡಿಯೋ ತೆಗೆದು ಹಾಕು. ಅದರಿಂದಲೇ ಇವಳು ಇಲ್ಲಿ ಮಲಗಿರೋದು. ನಿಂಗೆ ಗೊತ್ತಿಲ್ವಾ?"

"ನಾನು ಅವಳ ಅಮ್ಮ. ನಂಗೆ ಗೊತ್ತಾಗದ್ದು ನಿಮಗೆ ಗೊತ್ತಾಗ್ತದಾ?" ಅಪೂರ್ವಾಳ ದನಿ ಏರಲಿಲ್ಲ. "ಇಷ್ಟು ವರ್ಷ ನಿಮಗೆ ಏನೂ ಅನಿಸಿರಲಿಲ್ಲ. ನಿಮ್ಮ ಅಂಗಡಿ ನಡೀತಿರೋದು ಯಾರ ಮುಖ ನೋಡಿ ಅತ್ತಿಗೆ?"

ಸುಬ್ಬಲಕ್ಷ್ಮಿ ಕೈ ತೆಗೆದು ಬಾಗಿಲು ದಾಟಿದಳು. ಹೊರಗೆ ಬೆಂಚಿನ ಮೇಲೆ ಶಿವಕಿರಣ ಕೂತಿದ್ದ. ಅವನ ಪಕ್ಕ ಕೂತಳು.

"ಕಿರಣಾ, ನಿಲ್ಲಿಸ್ಬಿಡು ಮಾರಾಯ. ಮತ್ತೆ ಫ್ಲೆಕ್ಸ್ ಅಂಗಡಿ ಹಾಕು. ನಾನಿದೀನಲ್ಲ."

"ನಂಗೆ ನಲವತ್ತಾಯ್ತು ಅಕ್ಕ. ಹತ್ತು ವರ್ಷ ಫ್ಲೆಕ್ಸ್ ಹಾಕಿದೆ, ಯಾರೂ ನನ್ನ ಹೆಸರು ಕೇಳಿರಲಿಲ್ಲ. ಈಗ ಎಲ್ಲಿಗೆ ಹೋದ್ರೂ ರಂಜು ಅಪ್ಪ ಅಂತ ಕರೆದು ಕಾಫಿ ಕೊಡ್ತಾರೆ. ನಿಲ್ಲಿಸಿದ್ರೆ ನಾನು ಯಾರು?"

ರಂಜುವಿನ ಕ್ಲಾಸ್ ಟೀಚರ್ ಅರ್ಪಣಾ ಎಂಬವರು ಮಗುವನ್ನು ನೋಡಲು ಆಸ್ಪತ್ರೆಗೆ ಬಂದಿದ್ದರು. ರೇನ್‌ಕೋಟಿನ ವಿಷಯ ಸುಬ್ಬಲಕ್ಷ್ಮಿಗೆ ಗೊತ್ತಾದದ್ದು ಅವರಿಂದ. ಹೋಗುವಾಗ ಮೆಟ್ಟಿಲಲ್ಲಿ ನಿಂತು, "ಮಕ್ಕಳ ಸಹಾಯವಾಣಿಗೆ ಫೋನ್ ಮಾಡಬಹುದು ಮೇಡಂ. ನಾನು ಮಾಡಿದ್ರೆ ಶಾಲೆಯಲ್ಲಿ ತೊಂದರೆಯಾಗ್ತದೆ. ನೀವು ಮನೆಯವರು" ಎಂದರು. ಸುಬ್ಬಲಕ್ಷ್ಮಿ ನಾಲ್ಕು ದಿನ ಯೋಚಿಸಿದಳು. ಐದನೇ ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಫೋನು ಮಾಡಿದಳು. ಕೈಯಲ್ಲಿ ಬೆಳೆಸಿದ ತಮ್ಮನ ಹೆಸರು, ವಿಳಾಸ, ಮನೆಯ ಗುರುತು ಎಲ್ಲ ತಾನೇ ಹೇಳಿದಳು.

ಇಬ್ಬರು ಮನೆಗೆ ಬಂದರು, ಒಬ್ಬರು ಹೆಂಗಸು, ಒಬ್ಬರು ಗಂಡಸು. ಸಭ್ಯರು. ಹೊಡೆತ ಇದೆಯಾ, ಊಟಕ್ಕೆ ಕೊರತೆಯಾ, ಶಾಲೆ ಬಿಡಿಸಿದ್ದಾರಾ ಎಂದು ವಿಚಾರಿಸಿದರು. ಯಾವುದೂ ಇರಲಿಲ್ಲ. ಮನೆ ಚೊಕ್ಕಟವಾಗಿತ್ತು, ಮಗುವಿಗೆ ತುಂಬಾ ಆಟಿಕೆಗಳಿದ್ದವು. ಆ ಹೆಂಗಸು ರಂಜುವನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ತೆರೆದೇ ಇತ್ತು, ಸುಬ್ಬಲಕ್ಷ್ಮಿಗೆ ಕೂತಲ್ಲಿಂದ ಕಾಣುತ್ತಿತ್ತು.

"ವಿಡಿಯೋ ಮಾಡೋದು ನಿಂಗೆ ಇಷ್ಟವಾ ಪುಟ್ಟಿ?"

ರಂಜು ಬೆನ್ನು ನೆಟ್ಟಗೆ ಮಾಡಿದಳು. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಎರಡೂ ಕೆನ್ನೆ ಗುಳಿ ಬೀಳುವ ಹಾಗೆ ನಕ್ಕಳು. "ನಂಗೆ ವಿಡಿಯೋ ಅಂದ್ರೆ ತುಂಬಾ ತುಂಬಾ ಇಷ್ಟ. ನಿಮ್ಮೆಲ್ಲರ ಪ್ರೀತಿ ಹೀಗೇ ಇರಲಿ."

ಆ ಹೆಂಗಸಿಗೆ ನಗು ಬಂತು. ನಮ್ಮ ಮನೆಯಲ್ಲೂ ನೋಡ್ತಾರೆ ನಿನ್ನ, ಎಂದರು. ಹೊರಡುವಾಗ ಶಿವಕಿರಣನಿಗೆ, ಮಗುವಿನ ಓದು ಆರೋಗ್ಯ ನೋಡಿಕೊಳ್ಳಿ, ಕೆಲವು ಖಾಸಗಿ ವಿಷಯ ಹಾಕಬೇಡಿ ಎಂದು ಬುದ್ಧಿ ಹೇಳಿದರು. ಗೇಟಿನ ಹತ್ತಿರ ಸುಬ್ಬಲಕ್ಷ್ಮಿ ಅವರ ಹಿಂದೆ ಹೋದಾಗ ಆ ಗಂಡಸು, "ನೀವು ಹೇಳೋದು ಅರ್ಥ ಆಗ್ತದೆ ಅಮ್ಮ. ಆದ್ರೆ ಏನು ಅಂತ ಬರೆದುಕೊಳ್ಳಲಿ? ಮಗು ಖುಷಿಯಾಗಿದ್ದೀನಿ ಅಂತು" ಎಂದರು.

ಅವರ ಹಿಂದೆ ಓಡಿಹೋಗಿ ಮಾತಾಡಿದ್ದನ್ನು ಅಪೂರ್ವಾ ಕಿಟಕಿಯಿಂದ ನೋಡಿದ್ದಳು. ಯಾರು ದೂರು ಕೊಟ್ಟದ್ದೆಂದು ಆಮೇಲೆ ಹೇಳಬೇಕಾಗಲಿಲ್ಲ.

ಎರಡು ದಿನದ ನಂತರ ಬಂದದ್ದೇ ನಾನೂ ನೋಡಿದ ಆ ವಿಡಿಯೋ. ಗಂಡ ಹೆಂಡತಿ ಪಕ್ಕಪಕ್ಕ ಕೂತು ಅಳುತ್ತಿದ್ದರು, ನಡುವೆ ರಂಜು. ಮಗಳನ್ನು ನಮ್ಮಿಂದ ಕಿತ್ತುಕೊಳ್ಳಲು ನೋಡಿದವರು ಹೊರಗಿನವರಲ್ಲ, ನಮ್ಮ ಮನೆಯ ಅನ್ನ ತಿಂದವರೇ ಎಂದು ಶಿವಕಿರಣ ಹೇಳಿದ. ಹೆಸರು ಹೇಳಲಿಲ್ಲ. ಆದರೆ ಮಗುವಿನ ನಾಮಕರಣದ ಫೋಟೋ ಒಂದು ಮೂಲೆಯಲ್ಲಿ ಬಂತು. ಬೇಸಿಗೆಯ ಸೆಖೆಗೆ ಆ ದಿನ ಸುಬ್ಬಲಕ್ಷ್ಮಿ ಗಿಡ್ಡತೋಳಿನ ರವಿಕೆ ಹಾಕಿದ್ದಳು, ಮಗು ಮಡಿಲಲ್ಲಿತ್ತು. ಕುತ್ತಿಗೆ, ಕೈ ಎಲ್ಲ ಕಾಣುತ್ತಿತ್ತು.

ಸಾವಿರಾರು ಜನ ಬರೆದರು. ಮಕ್ಕಳಿಲ್ಲದವಳ ಹೊಟ್ಟೆಕಿಚ್ಚು ಎಂದರು. ಆ ಮಚ್ಚೆಯ ಬಗ್ಗೆ ಬರೆದರು, ಆ ಕೈಯಿಂದ ಮಗುವನ್ನು ಮುಟ್ಟಲು ಬಿಟ್ಟದ್ದೇ ತಪ್ಪು ಎಂದರು. ಯಾರೋ ಫೋಟೋವನ್ನು ದೊಡ್ಡದು ಮಾಡಿ ಹಾಕಿದರು. ಸುಬ್ಬಲಕ್ಷ್ಮಿ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ಓದಿದಳು. "ಕಿಟಕಿ ಹತ್ತಿರ ನಿಲ್ಲಿಸಿದಾಗ ನೋಡಿದ್ದು ಒಬ್ಬರೇ ಹೆಂಗಸು" ಎಂದಳು ನನ್ನ ಹತ್ತಿರ. ಅದನ್ನು ಕೇಳುವಾಗ ಅವಳ ಮುಖ ನೋಡಲು ನನಗೆ ಆಗಲಿಲ್ಲ. ನಾನು ಏನೂ ಬರೆದಿರಲಿಲ್ಲ. ಆದರೆ ಓದುತ್ತಾ ಹೋಗಿದ್ದೆ, ಕೊನೆಯವರೆಗೂ.

ಹೊಲಿಯಲು ಕೊಟ್ಟ ಬಟ್ಟೆಗಳನ್ನು ಜನ ಹಾಗೇ ವಾಪಸು ಒಯ್ದರು. ಇಪ್ಪತ್ತು ವರ್ಷದ ಗಿರಾಕಿಗಳು ಕೆಲವರು ಬಂದು, ನಮಗೆ ನೀವು ಎಂಥವರು ಅಂತ ಗೊತ್ತುಂಟು ಎಂದರು, ಆದರೆ ಮಕ್ಕಳ ಬಟ್ಟೆ ತರಲಿಲ್ಲ. ಮನೆಯಲ್ಲಿ ಅವಳ ತಟ್ಟೆ ಬಡಿಸಿ ಮೇಜಿನ ಮೇಲೆ ಇಟ್ಟಿರುತ್ತಿದ್ದರು, ಯಾರೂ ಜೊತೆಗೆ ಕೂರುತ್ತಿರಲಿಲ್ಲ. ರಂಜು ಅವಳ ಕೋಣೆಗೆ ಬರುವುದು ನಿಂತಿತು. ಬರಬಾರದೆಂದು ಹೇಳಿದ್ದರೋ, ತಾನೇ ನಿಲ್ಲಿಸಿದಳೋ ಗೊತ್ತಾಗಲಿಲ್ಲ. ಜೂನಿನ ಮೊದಲ ವಾರ ಸುಬ್ಬಲಕ್ಷ್ಮಿ ಒಂದು ಮಿಷನ್ನು, ಎರಡು ಟ್ರಂಕು ಇಟ್ಟುಕೊಂಡು ಗೂಡ್ಸ್ ಆಟೋದಲ್ಲಿ ಇಲ್ಲಿಗೆ ಬಂದಳು. ಹೊರಡುವಾಗ ಶಿವಕಿರಣ ಮಿಷನ್ನು ಎತ್ತಲು ಕೈಜೋಡಿಸಿದ.

ಆ ಹಾಸಿಗೆಯ ವಿಡಿಯೋ ಈಗಲೂ ಇದೆ. ಶಾಲೆ ಬಿಡಿಸಿ ರಂಜುವನ್ನು ಮನೆಯಲ್ಲೇ ಓದಿಸುತ್ತಿದ್ದಾರೆ. ಮನೆಪಾಠದ್ದೂ ವಿಡಿಯೋ ಬರುತ್ತದೆ.

ಕೆಲಸದಿಂದ ಬಂದು ಕೈಕಾಲು ತೊಳೆದು ಸುಬ್ಬಲಕ್ಷ್ಮಿ ನಮ್ಮ ಜಗಲಿಯಲ್ಲಿ ಕೂತು ಅವನ್ನು ನೋಡುತ್ತಾಳೆ. ಬೇರೆ ದಾರಿ ಅವಳಿಗಿಲ್ಲ. ತಮ್ಮ ಫೋನು ಎತ್ತುವುದಿಲ್ಲ. ಮಗು ಸಣ್ಣಗಾಗಿದೆಯಾ, ಕಣ್ಣ ಕೆಳಗೆ ಕಪ್ಪಾಗಿದೆಯಾ, ನೀರಿನ ಲೋಟ ಮುಂದಿದ್ದರೆ ಕುಡಿಯುತ್ತದೆಯಾ ಎಂದು ನಿಲ್ಲಿಸಿ ನಿಲ್ಲಿಸಿ ನೋಡುತ್ತಾಳೆ. ಒಮ್ಮೆ ನಾನು, ನೀನು ನೋಡಿದರೂ ಅವರಿಗೆ ಲೆಕ್ಕಕ್ಕೆ ಸೇರ್ತದಲ್ಲ ಮಾರಾಯ್ತಿ ಎಂದುಬಿಟ್ಟೆ. "ಗೊತ್ತು. ನೋಡದೆ ಹೇಗಿರ್ಲಿ ಹೇಳಿ" ಎಂದಳು. ಇನ್ನೆರಡು ಮೂರು ವರ್ಷದಲ್ಲಿ ಹುಡುಗಿ ದೊಡ್ಡವಳಾಗುತ್ತಾಳೆ. ಆ ದಿನ ಬಂದಾಗ ಅದನ್ನೂ ಹಾಕಿಯಾರೋ ಎಂದು ಅವಳಿಗೆ ಈಗಿನಿಂದಲೇ ಹೆದರಿಕೆ. ಆ ಹೆದರಿಕೆಯನ್ನು ಅವಳು ಹೇಳಿದ್ದು ಒಂದೇ ಸಲ.

ಜನವರಿಯಲ್ಲಿ ಸೀತೂರಿನ ಅವರ ಸಂಬಂಧಿಕರ ಮನೆಯಲ್ಲಿ ಗೃಹಪ್ರವೇಶ ಇತ್ತು. ಹೋಗುವುದೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಹೋದಳು. ಎರಡನೇ ಪಂಕ್ತಿಯ ಊಟದ ಹೊತ್ತಿಗೆ ಕೈ ತೊಳೆಯಲು ಹಿತ್ತಿಲಿಗೆ ಬಂದಾಗ, ನೀರಿನ ಟ್ಯಾಂಕಿನ ಹಿಂದೆ ರಂಜು ಒಬ್ಬಳೇ ನಿಂತಿದ್ದಳು. ಒಂಬತ್ತು ತುಂಬುತ್ತಾ ಬಂದ ಹುಡುಗಿ, ಉದ್ದವಾಗಿದ್ದಳು. ಅಂಗಡಿಯಿಂದ ತಂದ ಜರಿಯ ಲಂಗ, ಸೊಂಟದ ಹತ್ತಿರ ಸಡಿಲ. ಅತ್ತೆಯನ್ನು ಕಂಡು ಮೊದಲು ಅವಳ ಕೈಗಳನ್ನು ನೋಡಿದಳು, ಆಮೇಲೆ ಅವಳ ಬೆನ್ನ ಹಿಂದೆ ನೋಡಿದಳು. ಫೋನು ಎಲ್ಲೂ ಇಲ್ಲವೆಂದು ಖಾತ್ರಿಯಾದ ಮೇಲೆ ಹತ್ತಿರ ಬಂದಳು.

"ಹೇಗಿದ್ದಿ ಕೂಸೇ? ನೀರು ಕುಡೀತೀಯಾ ಈಗ?"

"ಹೂಂ."

ಸುಬ್ಬಲಕ್ಷ್ಮಿ ಅವಳ ಲಂಗದ ಸೊಂಟಪಟ್ಟಿಯನ್ನು ಒಂದು ಮಡಿಕೆ ಮಡಿಸಿ, ತನ್ನ ಸೆರಗಿನ ಪಿನ್ನು ತೆಗೆದು ಚುಚ್ಚಿದಳು. ರಂಜು ಆ ಪಿನ್ನನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಅತ್ತೆ, ನಂದು ಒಂದುಂಟು. ಯಾರಿಗೂ ಗೊತ್ತಿಲ್ಲದ್ದು."

"ಎಂತದು?"

ಹುಡುಗಿ ಬಾಯಿ ತೆರೆದಳು. ಹೇಳುತ್ತಾಳೆ ಎಂದೇ ಅತ್ತೆ ಬಗ್ಗಿದಳು. ರಂಜು ತಲೆ ಅಲ್ಲಾಡಿಸಿದಳು. "ಬೇಡ. ನಿಂಗೆ ಹೇಳಿದ್ರೂ ಅದು ಹೋಗ್ತದೆ."

ಅಷ್ಟರಲ್ಲಿ ಒಳಗಿನಿಂದ ಅಪೂರ್ವಾ ಕರೆದಳು, "ರಂಜೂ, ಬಾ, ಹೋಳಿಗೆ ತಿನ್ನೋದು ತೆಗೀಬೇಕು." ಹುಡುಗಿ ಓಡಿಹೋದಳು. ಬಾಗಿಲು ದಾಟುವ ಮೊದಲು ಅವಳ ತಲೆ ತಾನಾಗಿ ಸ್ವಲ್ಪ ಎಡಕ್ಕೆ ವಾಲಿದ್ದನ್ನು ಸುಬ್ಬಲಕ್ಷ್ಮಿ ಹಿಂದಿನಿಂದ ನೋಡಿದಳು.

ಆ ದಿನ ಸೀತೂರಿನಿಂದ ಬಂದವಳು ನನಗೆ ಇದನ್ನೆಲ್ಲ ಹೇಳಿ, "ನಂಗೆ ಹೇಳದೇ ಇದ್ದದ್ದೇ ಒಳ್ಳೇದಾಯ್ತು ಲಲಿತಕ್ಕ" ಎಂದಳು. ಬಹಳ ತಿಂಗಳ ಮೇಲೆ ಅವಳ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. ಹುಡುಗಿಯ ಹತ್ತಿರ ಏನೋ ಒಂದು ಉಳಿದಿದೆ ಎಂಬಷ್ಟೇ ನೆಮ್ಮದಿ. ಅದೇನಿರಬಹುದೆಂದು ಊಹಿಸಲೂ ಅವಳು ಒಪ್ಪಲಿಲ್ಲ.

ಫೆಬ್ರವರಿ ಕೊನೆಯ ಒಂದು ಸಂಜೆ ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದಾಗ ಅವಳ ಫೋನು ಸದ್ದು ಮಾಡಿತು. "ರಂಜು ಮನೆ"ಯ ಹೊಸ ವಿಡಿಯೋ. ಚಿತ್ರದಲ್ಲಿ ಅಪೂರ್ವಾ ಒಂದು ಹಳೇ ಜಾಮಿಟ್ರಿ ಬಾಕ್ಸನ್ನು ಕೈಯಲ್ಲಿ ಎತ್ತಿ ಹಿಡಿದಿದ್ದಳು, ಹಿಂದೆ ರಂಜು ಅದನ್ನು ಕಸಿದುಕೊಳ್ಳಲು ಕೈ ಚಾಚಿದ್ದಳು, ಬಾಯಿ ತೆರೆದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ನಮ್ಮಿಂದ ಮುಚ್ಚಿಟ್ಟಿದ್ದ ರಂಜು ಗುಟ್ಟು, ಕೊನೆಗೂ ಸಿಕ್ತು.

ಹಾಕಿ ನಲವತ್ತು ನಿಮಿಷವಾಗಿತ್ತು. ಹನ್ನೊಂದು ಸಾವಿರ ಜನ ನೋಡಿ ಆಗಿತ್ತು.

ಸುಬ್ಬಲಕ್ಷ್ಮಿ ಆ ಚಿತ್ರವನ್ನೇ ನೋಡುತ್ತಾ ಕೂತಳು. ಬೆರಳು ಮುಟ್ಟಿಸಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆ ತಾನಾಗಿ ಕಪ್ಪಾಯಿತು. ಅವಳು ಫೋನನ್ನು ಕವುಚಿ ಇಟ್ಟು, ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಕರೆದೆ, ಬರಲಿಲ್ಲ.

ಅವರ ಚಾನೆಲ್ಲಿನಲ್ಲಿ ಅವಳು ನೋಡದೆ ಬಿಟ್ಟ ವಿಡಿಯೋ ಅದೊಂದೇ. ನಾನೂ ನೋಡಿಲ್ಲ. ನಮ್ಮ ಓಣಿಯಲ್ಲಿ ಉಳಿದ ಎಲ್ಲರಿಗೂ ಅದರಲ್ಲಿ ಏನಿತ್ತೆಂದು ಗೊತ್ತು.